ಕುಂಕುಮ ಹಚ್ಚಿದ ಜಾಕ್

ಮೂವತ್ತೊಂದು ವರ್ಷ ಸ್ಟೇರಿಂಗು ಹಿಡಿದ ಮನುಷ್ಯನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿಕೊಂಡು ‘ಜಾಕ್ ಮಾರ್ಕೊಂಡ್ಯಾ’ ಅಂತ ಕೇಳಿದರೆ ಅವನ ಹೊಟ್ಟೆ ಉರಿಯದೆ ಇರುತ್ತದೆಯೇ? ಲಿಂಗಯ್ಯನ ಹೊಟ್ಟೆ ಉರಿಯಿತು. ನಾಲ್ಕು ಜನ ಅನ್ನುವುದು ಬಾಯಿಮಾತಿಗೆ. ಆವತ್ತು ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ನಲವತ್ತು ಜನಕ್ಕೆ ಕಮ್ಮಿ ಇರಲಿಲ್ಲ.

ಲಿಂಗಯ್ಯನದು ಬಸರಾಳಿಗೆ ಎರಡು ಮೈಲಿ ದೂರದ ಒಂದು ಸಣ್ಣ ಹಳ್ಳಿ. ಬಸರಾಳಿನ ಕನಕರಾಜು ಗೌಡರ ಪಿಕಪ್ ಗಾಡಿಗೆ ಒಂಬತ್ತು ವರ್ಷದಿಂದ ಡ್ರೈವರು. ಗೌಡರ ತೋಟದ ಎಳನೀರನ್ನು ವಾರಕ್ಕೆ ಎರಡು ಸಲ ಮಂಡ್ಯದ ಮೇಲೆ ಮದ್ದೂರಿಗೆ ಹೊಡೆಯುವುದು ಅವನ ಕೆಲಸ. ಗಾಡಿ ಶೋರೂಮಿನಿಂದ ಬಂದ ದಿನ ಗೌಡರು ಹೂವಿನ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಲಿಂಗಯ್ಯ ಸೀಟು ಬಗ್ಗಿಸಿ ಅದರ ಹಿಂದೆ ಏನಿದೆ ಅಂತ ನೋಡಿದ. ಕಪ್ಪು ರೆಕ್ಸಿನ್ನಿನ ಚೀಲ ಇತ್ತು. ಅದರೊಳಗೆ ಕಂಪನಿಯವರೇ ಕೊಟ್ಟ ಜಾಕು, ಚಕ್ರದ ನಟ್ಟು ಬಿಚ್ಚುವ ಪಾನ, ಒಂದು ಉದ್ದನೆಯ ರಾಡು.

ಜಾಕು ಎಲ್ಲಿ ಬೇಕಾದರೂ ಸಿಗುತ್ತದೆ. ಪಾನವೂ ಸಿಗುತ್ತದೆ. ರಾಡು ಹಾಗಲ್ಲ. ಆ ಗಾಡಿಯ ಸ್ಟೆಪ್ನಿ ಟೈರು ಹಿಂದುಗಡೆ, ಹೊಟ್ಟೆ ಕೆಳಗೆ, ಸರಪಣಿಯಲ್ಲಿ ನೇತಾಡುತ್ತದೆ. ನಂಬರ್ ಬೋರ್ಡಿನ ಮೇಲೆ ಒಂದು ತೂತು. ಆ ತೂತಿಗೆ ರಾಡು ತೂರಿಸಿ, ತುದಿ ಒಳಗಡೆ ಕಚ್ಚಿಕೊಂಡಿತು ಅಂತ ಕೈಗೆ ಗೊತ್ತಾದ ಮೇಲೆ ಎಡಕ್ಕೆ ತಿರುಗಿಸಬೇಕು. ಆಗ ಟೈರು ಮೆಲ್ಲಗೆ ಇಳಿದು ನೆಲಕ್ಕೆ ಕೂರುತ್ತದೆ. ಬೇರೆ ಕಂಪನಿಯ ರಾಡು ತೂರಿಸಿದರೆ ಸುಮ್ಮನೆ ಗಿರಗಿರ ಸುತ್ತುತ್ತದೆ, ಟೈರು ಅಲ್ಲಾಡುವುದಿಲ್ಲ. ಕೈ ಜಾರದಿರಲಿ ಅಂತ ಲಿಂಗಯ್ಯ ರಾಡಿನ ಹಿಡಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದ, ತಂತಿ ಬಿಗಿದಿದ್ದ.

ಅವನ ಎಡಗೈ ಕಿರುಬೆರಳು ಅರ್ಧ ಇಲ್ಲ. ಹರೆಯದಲ್ಲಿ ಮಳವಳ್ಳಿ ರೋಡಿನಲ್ಲಿ ಚಕ್ರ ಉರುಳದ ಹಾಗೆ ಕಲ್ಲು ಕೊಡದೆ ಜಾಕ್ ಎತ್ತಿ ಕಳೆದುಕೊಂಡ ಬೆರಳು. ಆಮೇಲೆ ಅವನು ಕಲ್ಲು ಕೊಡದೆ ಜಾಕ್ ಮುಟ್ಟಿದವನಲ್ಲ. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡುತ್ತಿದ್ದ. ಮಣ್ಣು ಮೆತ್ತಗಿದ್ದರೆ ಜಾಕಿನ ಕೆಳಗೆ ಹಲಗೆ ಇಡುತ್ತಿದ್ದ. ಬಿಗಿಯುವಾಗ ಒಂದು ನಟ್ಟು ಆದಮೇಲೆ ಅದರ ಎದುರಿನದು. ದಿನಾ ಬೆಳಗ್ಗೆ ಕೀ ತಿರುಗಿಸುವ ಮುಂಚೆ ಸೀಟಿನ ಹಿಂದಕ್ಕೆ ಕೈ ಹಾಕಿ ಮೂರೂ ಸಾಮಾನು ಮುಟ್ಟಿ ನೋಡುತ್ತಿದ್ದ. ಒಂಬತ್ತು ವರ್ಷದಲ್ಲಿ ಒಂದೇ ಒಂದು ದಿನ ಮಾತ್ರ ನೋಡಲಿಲ್ಲ.

ಅದೂ ಗೌಡರ ಮಾತು ನಂಬಿ.

ಆ ವರ್ಷ ಆಯುಧಪೂಜೆಗೆ ಲಿಂಗಯ್ಯನೇ ಮೂರನ್ನೂ ಹೊರಗೆ ತೆಗೆದು ತೊಳೆದು, ಎಣ್ಣೆ ಒರೆಸಿ, ಗೌಡರ ದೇವರಮನೆಗೆ ಕೊಟ್ಟ. ಗೌಡರ ತಾಯಿ ಪಟ್ಟಲಮ್ಮ ಕುಡ್ಲು, ಮಚ್ಚು, ಗುದ್ದಲಿಯ ಪಕ್ಕದಲ್ಲಿ ಜಾಕನ್ನೂ ಕೂರಿಸಿ ಅರಿಶಿನ ಕುಂಕುಮ ಹಚ್ಚಿದಳು. ಪೂಜೆಗೆ ಇಟ್ಟ ಕಬ್ಬಿಣವನ್ನು ವಿಜಯದಶಮಿ ಕಳೆಯುವ ತನಕ ಯಾರೂ ಅಲ್ಲಾಡಿಸಬಾರದು. ಅದು ಆ ಮನೆಯ ಪದ್ಧತಿ. ಲಿಂಗಯ್ಯ ಹಬ್ಬಕ್ಕೆ ಮನೆಗೆ ಹೋದ. ಮೂರನೇ ದಿನ ಬಂದು, “ಗೌಡ್ರೆ, ಸಾಮಾನು ಗಾಡಿಗಾಕುದ್ರಾ?” ಅಂತ ಕೇಳಿದ.

ಗೌಡರು ಫೋನಿನಲ್ಲಿದ್ದರು. “ಹೂಂ, ಆಕಿವ್ನಿ, ಓಗು ಓಗು. ಲೋಡು ಕಾಯ್ತಾ ಅದೆ.”

ಯಜಮಾನರು ಬಾಯಿಬಿಟ್ಟು ಹೇಳಿದ ಮೇಲೆ ಮತ್ತೆ ಸೀಟು ಬಗ್ಗಿಸಿ ನೋಡಿದರೆ ಅವರ ಮಾತಿಗೆ ಏನು ಮರ್ಯಾದೆ ಉಳಿಯಿತು ಅಂದುಕೊಂಡ. ನೋಡಲಿಲ್ಲ.

ಗೆಜ್ಜಲಗೆರೆ ದಾಟಿದ ಮೇಲೆ ಹಿಂದಿನ ಎಡಗಡೆ ಚಕ್ರ ಪಂಚರ್ ಆಗಿ ಕೂತಿತು. ಇಳಿದ, ಎರಡು ಕಲ್ಲು ಹುಡುಕಿ ಚಕ್ರಕ್ಕೆ ಕೊಟ್ಟ, ಸೀಟು ಬಗ್ಗಿಸಿದ. ಚೀಲ ಖಾಲಿ. ಸೀಟಿನ ಅಡಿ, ಕಾಲಡಿ, ಎಳನೀರಿನ ಗೊನೆಗಳ ಸಂದಿ, ಎಲ್ಲ ತಡಕಿದ. ಇಲ್ಲ. ಬಿಸಿಲಲ್ಲಿ ಕೈ ಅಡ್ಡ ಹಾಕಿಕೊಂಡು ನಿಂತ. ಎಷ್ಟೋ ಹೊತ್ತಿನ ಮೇಲೆ ಪರಿಚಯದ ಡ್ರೈವರು ಚಿಕ್ಕಮಾದು ನಿಲ್ಲಿಸಿದ. ಅವನದು ಬೇರೆ ಕಂಪನಿಯ ಗಾಡಿ.

“ಏನ್ಲಾ ಲಿಂಗ, ನೀನೂ ಜಾಕಿಲ್ದೆ ಬರೋ ಕಾಲ ಬಂತಾ?”

“ಬಾಯ್ ಮುಚ್ಕೊಂಡು ನಿನ್ ರಾಡು ಕೊಡ್ಲಾ.”

ಕೊಟ್ಟ. ಅದು ತೂತಿನಲ್ಲಿ ಗಿರಗಿರ ಸುತ್ತಿತು. ಗಾಡಿ ಕೆಳಗೆ ಸ್ಟೆಪ್ನಿ ಇದ್ದೂ ಇಲ್ಲದಂತಾಯಿತು. ಕೊನೆಗೆ ಚಿಕ್ಕಮಾದುವಿನ ಜಾಕಿನಲ್ಲಿ ಗಾಡಿ ಎತ್ತಿ, ಚಕ್ರ ಬಿಚ್ಚಿ, ಅದನ್ನು ಅವನ ಗಾಡಿಯಲ್ಲೇ ಹೊತ್ತುಕೊಂಡು ಹೋಗಿ ಪಂಚರ್ ಹಾಕಿಸಿ ತಂದು ಕೂರಿಸಿ ಮದ್ದೂರು ಮುಟ್ಟುವಷ್ಟರಲ್ಲಿ ಎಳನೀರು ತುಂಬಿಕೊಳ್ಳುವ ಲಾರಿಗಳು ಹೊರಟುಹೋಗಿದ್ದವು.

ಗೌಡರು ಬೈಕಿನಲ್ಲಿ ಮೊದಲೇ ಬಂದು ಕಾಯುತ್ತಿದ್ದರು. ಜಾಕಿಲ್ಲದೆ ತಡವಾದದ್ದನ್ನು ಲಿಂಗಯ್ಯ ಹೇಳಿದ.

“ಜಾಕ್ ಎಲ್ಲಿ?”

“ನೀವು ಆಕಿವ್ನಿ ಅಂದ್ರಲ್ಲ ಗೌಡ್ರೆ. ಗಾಡೀಲಿಲ್ಲ. ದೇವ್ರಮನೇಲೇ ಅದೇನೋ, ಒಂದ್ಸಲ ನೋಡುಸ್ಬುಡಿ.”

“ನಾನು ಆಕಿವ್ನಿ ಅಂದ್ರೆ ಆಕಿವ್ನಿ! ನನ್ನೇ ಸುಳ್ಳ ಅಂತೀಯೇನ್ಲಾ? ಎಷ್ಟಕ್ ಮಾರ್ಕೊಂಡೆ ಯೋಳು.”

ಸುತ್ತಲಿನವರು ತಿರುಗಿ ನೋಡಿದರು. ಎಳನೀರು ವ್ಯಾಪಾರದ ಸಿದ್ದೇಶ್ ಹಲ್ಲು ಕಿರಿದ. “ಬುಡಣ್ಣ, ಹಬ್ಬದ ಖರ್ಚಿಗೆ ಗುಜರಿಗೆ ಆಕಿರ್ತಾನೆ.” ನಗು ಎದ್ದಿತು. ಲಿಂಗಯ್ಯ ಕೀಯನ್ನು ಗಾಡಿಯ ಬಾನೆಟ್ಟಿನ ಮೇಲೆ ಇಟ್ಟ. ಬಸ್ಸು ಹತ್ತಿದ.

ಹತ್ತು ದಿನ ಮನೆಯಲ್ಲಿ ಕೂತ. ಬೇರೆ ಯಾರೂ ಕರೆಯಲಿಲ್ಲ. ಕರೆದಾರು ಹೇಗೆ? ಜಾಕ್ ಕದ್ದವನ ಕೈಗೆ ಯಾರು ಗಾಡಿ ಕೊಡುತ್ತಾರೆ? ಹೆಂಡತಿ ಚಿಕ್ಕಲಕ್ಷ್ಮಮ್ಮ ರೇಗಿದಳು. “ಓಗಿ ಆ ದೇವ್ರಮನೆ ಹೊಕ್ಕು ಹುಡುಕ್ಬಾರ್ದಾ? ಅಲ್ಲೇ ಅದೆ ಅಂತ ನಿಂಗೆ ಗೊತ್ತಲ್ಲ!”

“ಇನ್ನೊಬ್ರ ದೇವ್ರಮನೆಗೆ ನುಗ್ಗಿ ಹುಡುಕಾಕೆ ನಾನೇನ್ ಪೋಲೀಸಾ? ಅವ್ರಿಗೆ ಕಣ್ಣಿಲ್ವಾ?”

ಕಣ್ಣು ಇತ್ತು. ನೋಡುವ ಮನಸ್ಸು ಇರಲಿಲ್ಲ. ನೋಡಿ ಸಿಕ್ಕಿಬಿಟ್ಟರೆ ತಪ್ಪು ಯಾರದಾಗುತ್ತದೆ?

ಹನ್ನೊಂದನೇ ದಿನ ಮಧ್ಯಾಹ್ನ ಪಟ್ಟಲಮ್ಮ ಬಂದಳು. ಎಪ್ಪತ್ತೆರಡು ವರ್ಷದ ಹೆಂಗಸು, ಎರಡು ಮೈಲಿ ಬಿಸಿಲಲ್ಲಿ ನಡೆದು, ಸೊಂಟದ ಮೇಲೆ ಹಳೇ ಸೀರೆಯ ಗಂಟು ಹೊತ್ತುಕೊಂಡು. ಜಗುಲಿ ಮೇಲೆ ಇಳಿಸಿದಾಗ ಗಂಟು ಠಣ್ ಅಂದಿತು. ಆ ಸದ್ದು ಏನು ಅಂತ ಲಿಂಗಯ್ಯನಿಗೆ ಬಿಚ್ಚುವ ಮೊದಲೇ ಗೊತ್ತಾಯಿತು.

“ಎಲ್ಲಿತ್ತವ್ವಾ?”

“ದೇವ್ರ ಗೂಡಿನ ಕೆಳ್ಗೆ ಕಣಪ್ಪ. ದೀಪಾವಳಿಗೆ ಅಂತ ಗುಡಿಸ್ತಿದ್ದೆ, ಸಿಕ್ತು. ಕಾಲಿಗೆಡವ್ತದೆ ಅಂತ ನಾನೇ ಗಂಟು ಕಟ್ಟಿ ತಳ್ಳಿದ್ದೆ. ಗಾಡಿಗಾಕ್ಕೊಳ್ಳೋ ಅಂತ ಅವ್ನಿಗೆ ಏಳ್ದೆ. ಹೂಂ ಅಂದ. ಫೋನು ಕಿವೀಲಿತ್ತು. ಯಾರ್ಗೆ ಹೂಂ ಅಂದ್ನೋ! ನೀನು ಕೆಲ್ಸ ಬುಟ್ಟೆ ಅಂತ ನನ್ಗೇಳವ್ನೆ. ಇವತ್ತು ಸೊಸೆ ಬಾಯ್ಬುಟ್ಲು, ಕಳ್ಳ ಅಂದವ್ನೆ ಅಂತ.” ಮುದುಕಿ ಗಂಟನ್ನು ಅವನ ಕಡೆ ತಳ್ಳಿದಳು. “ಒಂಬತ್ತು ವರ್ಷ ನನ್ ಮನೇಲಿ ಉಂಡ ಕೈಗೆ ಕಳ್ಳ ಅಂದ್ನಲ್ಲ. ತಗೋ, ಇಡ್ಕೋ.”

ಲಿಂಗಯ್ಯ ಮುಟ್ಟಲಿಲ್ಲ.

“ನಾನು ಮುಟ್ಟಾಕಿಲ್ಲ ಅವ್ವ. ಎಲ್ಲಿ ಕಳ್ಳ ಅಂದ್ರೋ ಅಲ್ಲಿಗೇ ಬರ್ಲಿ. ಅವ್ರ ಕೈಯಲ್ಲೇ ಬರ್ಲಿ.”

ಪಟ್ಟಲಮ್ಮ ಗಂಟನ್ನು ಮತ್ತೆ ಸೊಂಟಕ್ಕೇರಿಸಿಕೊಂಡು ಹೋದಳು. ಸಂಜೆ ಗೌಡರ ಫೋನು ಬಂತು. “ಆಯ್ತು ಬುಡು ಲಿಂಗಯ್ಯ, ಸಿಕ್ತಲ್ಲ. ಬೆಳಗ್ಗೆ ಬಾ ಕೆಲ್ಸಕ್ಕೆ.”

ಸಿಕ್ತಲ್ಲ! ಕಳೆದುಹೋದ ಕುರಿ ಸಿಕ್ಕಿದ ಹಾಗೆ. “ಜಾಕು ಸಿಕ್ತು ಗೌಡ್ರೆ. ನನ್ ಹೆಸ್ರು ಮದ್ದೂರು ಮಾರ್ಕೆಟ್ಟಲ್ಲಿ ಬಿದ್ದದೆ. ಅದ ಎತ್ಕೊಡಿ” ಅಂದು ಲಿಂಗಯ್ಯ ಫೋನು ಇಟ್ಟುಬಿಟ್ಟ.

ಗೌಡರು ಬರುತ್ತಿರಲಿಲ್ಲವೋ ಏನೋ. ಪಟ್ಟಲಮ್ಮ ಬಿಡಲಿಲ್ಲ. ಮುಂದಿನ ಲೋಡಿನ ದಿನ ಗೌಡರೇ ಗಾಡಿ ಹೊಡೆದುಕೊಂಡು ಮಾರ್ಕೆಟ್ಟಿಗೆ ಬಂದರು. ಮುಂದಿನ ಸೀಟಿನಲ್ಲಿ ಅವರ ತಾಯಿ, ತೊಡೆ ಮೇಲೆ ಗಂಟು. ಪಟ್ಟಲಮ್ಮ ಹೇಳಿಕಳಿಸಿದ್ದರಿಂದ ಲಿಂಗಯ್ಯ ಬಸ್ಸಿನಲ್ಲಿ ಬಂದು ಗೇಟಿನ ಹತ್ತಿರ ನಿಂತಿದ್ದ.

ಗೌಡರು ಗಂಟನ್ನು ಗಾಡಿಯ ಹಿಂದಿನ ಬಾಗಿಲ ಮೇಲೆ ಇಟ್ಟು ಬಿಚ್ಚಿದರು. ಕುಂಕುಮ ಹಾಗೇ ಇತ್ತು. ಒಣಗಿದ ಸೇವಂತಿಗೆ ಎಸಳು ಜಾಕಿಗೆ ಅಂಟಿಕೊಂಡಿತ್ತು. “ಸಾಮಾನು ಸಿಕ್ತು ಕಣ್ರಪ್ಪ” ಅಂತ ಮೆಲ್ಲಗೆ ಅಂದರು. ಎಲ್ಲಿ ಸಿಕ್ಕಿತು ಅನ್ನಲಿಲ್ಲ.

ಸಿದ್ದೇಶ್ ಬಗ್ಗಿ ನೋಡಿದ. “ಹೊಸ್ದು ತಂದು ಕುಂಕುಮ ಬಳ್ದವ್ರೆ ಅಂತ ಕಾಣ್ತದೆ. ಬುಡಣ್ಣ, ಡ್ರೈವರ್ ಸಿಕ್ಕದು ಕಷ್ಟ ಅಲ್ವಾ.”

ಮತ್ತೆ ನಗು ಏಳುವುದರಲ್ಲಿತ್ತು. ಆಗ ಲಿಂಗಯ್ಯ ಹತ್ತಿರ ಬಂದ.

“ಗೌಡ್ರೆ, ಸ್ಟೆಪ್ನಿ ಇಳ್ಸಿ.”

“ಈಗ್ಯಾಕೆ? ಪಂಚರ್ ಆಗಿಲ್ಲ.”

“ಇಳ್ಸಿ. ಈ ಗಾಡಿದೋ ಅಲ್ವೋ ಅಂತ ರಾಡೇ ಯೋಳ್ಳಿ.”

ಗೌಡರು ಸುತ್ತ ನೋಡಿದರು. ಪಟ್ಟಲಮ್ಮ ಸೀಟಿನಿಂದಲೇ ಕೂಗಿದಳು, “ಇಳ್ಸೋ!” ಇಸ್ತ್ರಿ ಮಾಡಿದ ಬಿಳೀ ಪಂಚೆ ಎತ್ತಿ ಕಟ್ಟಿ ಗೌಡರು ಧೂಳಿನಲ್ಲಿ ಮೊಣಕಾಲೂರಿದರು. ರಾಡನ್ನು ತೂತಿಗೆ ತೂರಿಸಲು ಹೋಗಿ ನಂಬರ್ ಬೋರ್ಡಿಗೆ ಮೂರು ಸಲ ಗೀರಿದರು. ಒಂಬತ್ತು ವರ್ಷ ಗಾಡಿಯ ಯಜಮಾನ! ಆ ತೂತು ಯಾಕಿದೆ ಅಂತ ಗೊತ್ತಿರದವರು ಜಾಕಿನ ಲೆಕ್ಕ ಕೇಳಿದ್ದರು.

“ಇನ್ನೂ ಒಳೀಕೆ. ಕಚ್ಕೊಳ್ತಾ? ಈಗ ಎಡಕ್ಕೆ ತಿರುಗಿಸಿ” ಅಂದ ಲಿಂಗಯ್ಯ, ಕೈ ಹಾಕದೆ.

ಸರಪಣಿ ಕಿರುಗುಟ್ಟಿತು. ಟೈರು ಮೆಲ್ಲಗೆ ಇಳಿದು ನೆಲಕ್ಕೆ ಕೂತಿತು. ಗುಂಪಿನಿಂದ ಚಿಕ್ಕಮಾದು ಮುಂದೆ ಬಂದ. “ಲೋ ಸಿದ್ದೇಸ, ಆ ಸೈಕಲ್ ಟ್ಯೂಬು ನೋಡ್ಲಾ. ಒಂಬತ್ತು ವರ್ಷದಿಂದ ನೋಡಿವ್ನಿ, ಲಿಂಗನೇ ಸುತ್ತಿದ್ದು. ಹೊಸಾ ರಾಡಿಗೆ ಹಳೇ ಟ್ಯೂಬು ಯಾವ ಅಂಗಡೀಲಿ ಕೊಟ್ಟಾರ್ಲಾ?”

ಸಿದ್ದೇಶ್ ಎಳನೀರು ಎಣಿಸುವವನಂತೆ ಆ ಕಡೆ ತಿರುಗಿದ.

ಗೌಡರು ಎದ್ದರು. ಕೈಗೆ ಮೆತ್ತಿದ ಕುಂಕುಮವನ್ನು ಅಂಗಿಗೆ ಒರೆಸಿಕೊಂಡುಬಿಟ್ಟಿದ್ದರು. ತಲೆ ಎತ್ತದೆ ಹೇಳಿದರು, “ನಮ್ಮ ದೇವ್ರಮನೇಲೇ ಇತ್ತು. ನಾನೇ ಗಾಡಿಗಾಕಿರ್ಲಿಲ್ಲ. ಲಿಂಗಯ್ಯ ಮುಟ್ಟಿಲ್ಲ.”

“ಆ ಮೂಲೇಲಿರೋರ್ಗೆ ಕೇಳ್ಸಿಲ್ಲ ಗೌಡ್ರೆ. ಆವತ್ತು ಕಳ್ಳ ಅಂದಾಗ ಅಲ್ಲೀಗಂಟ ಕೇಳ್ಸಿತ್ತು.”

ಗೌಡರು ತಲೆ ಎತ್ತಿದರು. ಆಮೇಲೆ ಮಾರ್ಕೆಟ್ಟಿನ ಆ ತುದಿಯ ತನಕ ಕೇಳುವ ಹಾಗೆ ಇನ್ನೊಂದು ಸಲ ಹೇಳಿದರು.

ಆಗ ಲಿಂಗಯ್ಯ ರಾಡು ಇಸಿದುಕೊಂಡ. ಬಲಕ್ಕೆ ತಿರುಗಿಸಿ ಸ್ಟೆಪ್ನಿ ಮೇಲೆತ್ತಿ ಬಿಗಿ ಮಾಡಿ, ಕೈಯಿಂದ ಅಲ್ಲಾಡಿಸಿ ನೋಡಿದ. ಜಾಕು, ಪಾನ, ರಾಡು ಮೂರನ್ನೂ ಸೀಟಿನ ಹಿಂದೆ ಇಟ್ಟ. ಕುಂಕುಮ ಒರೆಸಲಿಲ್ಲ. ಗೌಡರು ಚಾಚಿದ ಕೀ ತೆಗೆದುಕೊಂಡ.

ಈಗಲೂ ಅದೇ ಗಾಡಿ ಓಡಿಸುತ್ತಾನೆ. ದಿನಾ ಬೆಳಗ್ಗೆ ಸೀಟಿನ ಹಿಂದಕ್ಕೆ ಕೈ ಹಾಕುತ್ತಾನೆ. ಗೌಡರು ಪಕ್ಕದಲ್ಲೇ ನಿಂತು “ಎಲ್ಲಾ ಅದೆ ಕಣಯ್ಯ, ನಾನೇ ನೋಡಿವ್ನಿ” ಅಂದರೂ, ಅವರ ಕಣ್ಣೆದುರಿಗೇ ಸೀಟು ಬಗ್ಗಿಸಿ, ಒಂದೊಂದನ್ನೂ ಮುಟ್ಟಿ ನೋಡಿದ ಮೇಲೆಯೇ ಕೀ ತಿರುಗಿಸುತ್ತಾನೆ.