ಜಲ್ಲಿಗೆ ತಲೆ ಬಾಚುವ ಅಕ್ಕ

ಸೂರ್ಯ ಹುಟ್ಟಬೇಕಾದರೂ ಮೊದಲು ಜಲ್ಲಿಯಕ್ಕನ ಟ್ರ್ಯಾಕ್ಟರ್ ಕೆಮ್ಮಬೇಕು. ರೇಸ್ ಟ್ರ್ಯಾಕಿನ ಕೊನೆಯ ದೊಡ್ಡ ತಿರುವಿನಲ್ಲಿ ಆ ಹಳೇ ಯಂತ್ರ ಎರಡು ಸಲ ಕೆಮ್ಮಿ, ಒಂದು ಸಲ ಕ್ಯಾಕರಿಸಿ, ಸತ್ತವರೂ ಎದ್ದು ಕೂರುವಂತೆ ಗುಡುಗಿದ ಮೇಲೆಯೇ ಆಕಾಶದಂಚು ಕೆಂಪಾಗುತ್ತದೆ. ಟ್ರ್ಯಾಕಿನ ಕಾವಲುಗಾರ ಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದಾನೆ; ಅಕ್ಕ ಇರುವಾಗ ಅದೇಕೆ ದಂಡ? ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಹಲ್ಲುಗಳ ಒಂದು ಬಾಚಣಿಗೆ, ರಾಕ್ಷಸನ ತಲೆಗೂ ದೊಡ್ಡದಾಗುವಂಥದ್ದು. ಅದನ್ನು ಎಳೆದುಕೊಂಡು ಅಕ್ಕ ತಿರುವಿನ ಹೊರಗಿನ ಜಲ್ಲಿಯ ಹಾಸಿನ ಮೇಲೆ ಹೋಗುತ್ತಾಳೆ, ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಶಾಲೆಗೆ ಹೊರಟ ಮಗಳಿಗೆ ಬೈತಲೆ ತೆಗೆಯುವ ತಾಯಿಗೂ ಇಷ್ಟು ಶ್ರದ್ಧೆ ಇರಲಿಕ್ಕಿಲ್ಲ.

ಕಲ್ಲಿಗೆ ಯಾಕಮ್ಮ ಈ ಸಿಂಗಾರ ಎಂದರೆ ಅಕ್ಕ ಟ್ರ್ಯಾಕ್ಟರಿನಿಂದ ದುಮುಕಿ ಜಲ್ಲಿಯ ಮೇಲೆ ನಿಲ್ಲುತ್ತಾಳೆ. ಪಾದ ಹರಡಿನವರೆಗೆ ಹೂತುಹೋಗುತ್ತದೆ. "ನೋಡಿ, ಹೀಗೆ ನುಂಗ್ಬೇಕು. ಮಳೆ ಬಂದ್ರೆ ಇದು ಸಿಮೆಂಟ್ ಥರ ಗಟ್ಟಿಯಾಗತ್ತೆ. ಆಗ ತಪ್ಪಿ ಬಂದ ಕಾರು ನಿಲ್ಲಲ್ಲ, ಐಸ್ ಮೇಲೆ ಜಾರಿದ ಹಾಗೆ ಜಾರಿ ಸೀದಾ ಗೋಡೆಗೆ ಹೋಗಿ ಮುತ್ತು ಕೊಡತ್ತೆ. ಸಡಿಲ ಇದ್ರೆ ಚಕ್ರ ಹೂತು ನಿಲ್ಲತ್ತೆ. ನಾನು ಬಾಚದಿದ್ರೆ ಇಲ್ಲಿ ಆಂಬುಲೆನ್ಸಿಗೆ ಬಿಡುವಿಲ್ಲ." ಹೀಗೆ ಹೂತು ನಿಂತ ಕಾರುಗಳಿಗೆ ಹಗ್ಗ ಕಟ್ಟಿ ಹೊರಗೆ ಎಳೆಯುವುದೂ ಅಕ್ಕನ ಕೆಲಸವೇ. ಇವಳು ಎಳೆದ ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಸಾಲು ಸಮುದ್ರ ಮುಟ್ಟುತ್ತದೆ. ಮುಟ್ಟಿದ ಮೇಲೂ ಒಂದಷ್ಟು ಉಳಿದು ನೀರಿಗೆ ಬೀಳುತ್ತವೆ.

ಇಂದು ರೇಸ್ ಇಲ್ಲ, ಸ್ವಂತ ಕಾರು ಇದ್ದವರು ಹಣ ಕಟ್ಟಿ ತಂದು ಓಡಿಸುವ ದಿನ. ಇಂಥ ದಿನ ಗೇಟಿನ ಮುಂದಿನ ಸಾಲು ಹೆರಿಗೆ ವಾರ್ಡಿನ ವರಾಂಡದಂತಿರುತ್ತದೆ. ಒಬ್ಬ ಸುಮ್ಮನೆ ಬಾನೆಟ್ ಒರೆಸುತ್ತಾನೆ, ಇನ್ನೊಬ್ಬ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾನೆ, ಮತ್ತೊಬ್ಬ ಹೆಂಡತಿಗೆ ಫೋನ್ ಮಾಡಿ ತಾನು ಬೇರೆಲ್ಲೋ ಇರುವುದಾಗಿ ಹೇಳುತ್ತಾನೆ. ಎಲ್ಲರಿಗೂ ಇರುವುದು ಒಂದೇ ಪ್ರಶ್ನೆ: ಒಳಗೆ ಒಯ್ಯುವುದೋ, ವಾಪಸ್ ಮನೆಗೋ? ಅದನ್ನು ಕೇಳಲು ಅವರು ಟೈ ಕಟ್ಟಿದ ಅಧಿಕಾರಿಗಳ ಬಳಿ ಹೋಗುವುದಿಲ್ಲ. ಬೇಲಿ ಬದಿಯಲ್ಲಿ ಟೀ ಕುಡಿಯುತ್ತಿರುವ ಅಕ್ಕನ ಬಳಿಗೇ ಬರುತ್ತಾರೆ.

"ಕಾರು ನಿಮ್ಮದಾ, ನಿಮ್ಮ ಮಾವನದಾ?" ಇದು ಅಕ್ಕನ ಮೊದಲ ಪ್ರಶ್ನೆ. "ಮಾವಂದಾದ್ರೆ ಈಗಲೇ ತಿರುಗಿಸ್ಕೊಂಡು ಹೋಗಿ. ನಿಮ್ಮದೇ ಆದ್ರೆ, ನಾಳೆ ಇದು ಮುದ್ದೆಯಾಗಿ ಬಿದ್ರೂ ಊಟ ಸೇರತ್ತಾ ಅಂತ ಹೊಟ್ಟೇನೇ ಕೇಳಿ. ಇಲ್ಲಿ ಒಡೆದ್ರೆ ವಿಮೆಯವರು ನಿಮ್ಮ ಮುಖಾನೂ ನೋಡಲ್ಲ. ಸೇರತ್ತೆ ಅಂದ್ರೆ ಬನ್ನಿ. ಈ ಸುಖ ರಸ್ತೇಲಿ ಸಿಗಲ್ಲ."

ಬರುವವರು ಮಾಡುವ ತಪ್ಪೂ ಒಂದೇ, ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿರುವುದು. ಕಾರು ಹಗುರಾದರೆ ಗಾಳಿಯ ಹಾಗೆ ಹಾರುತ್ತದೆಂದು ಯಾರೋ ಹೇಳಿರುತ್ತಾರೆ. ಹಿಂದಿನ ರಾತ್ರಿಯೇ ಡಿಕ್ಕಿಯಲ್ಲಿರುವ ಜ್ಯಾಕು, ಕೊಡೆ, ಮಕ್ಕಳ ಚೆಂಡು ಎಲ್ಲವನ್ನೂ ತೆಗೆದು ಮನೆಯಲ್ಲಿಡುತ್ತಾರೆ. ಅದರ ಜೊತೆಗೆ, ಕಾರಿನ ಮೂತಿಗೆ ತಿರುಗಿಸಿ ಹಾಕುವ ಕಬ್ಬಿಣದ ಕೊಕ್ಕೆಯನ್ನೂ ಇಟ್ಟು ಬರುತ್ತಾರೆ. ಹಗ್ಗ ಕಟ್ಟಬೇಕಾದ್ದು ಆ ಕೊಕ್ಕೆಗೇ! "ಸೇರು ತೂಕ ಉಳಿಸಕ್ಕೆ ಹೋಗಿ ಬಂಪರ್ ಕಳ್ಕೋತಾರೆ ಪುಣ್ಯಾತ್ಮರು," ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ.

ಇನ್ನೊಂದು ಪಾಠವನ್ನು ಅವಳು ಎಲ್ಲರ ಕಿವಿ ಹಿಂಡಿ ಹೇಳುತ್ತಾಳೆ. ವೇಗ ಜಾಸ್ತಿಯಾಗಿ ಚಕ್ರ ಟ್ರ್ಯಾಕಿನಿಂದ ಹೊರಗೆ ಇಳಿಯಿತೋ, ಒಳಗೆ ಎಳೆದುಕೊಳ್ಳಲು ಒದ್ದಾಡಬಾರದು. ಗಾಬರಿಯಲ್ಲಿ ಸ್ಟೀರಿಂಗ್ ತಿರುಚಿದವನ ಕಾರು ಬುಗುರಿಯಂತೆ ತಿರುಗಿ ಎದುರಿನ ಗೋಡೆಗೆ ಅಪ್ಪಳಿಸುತ್ತದೆ. "ಬೀಳೋದಾದ್ರೆ ನೆಟ್ಟಗೆ ಬೀಳಿ. ಕೈ ಅಲ್ಲಾಡಿಸ್ಬೇಡಿ. ನನ್ನ ಜಲ್ಲಿ ಇದೆ, ಹಿಡ್ಕೊಳತ್ತೆ." ಕೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಹೊರಗೆ ಬೀಳುವಾಗ ಎಲ್ಲರೂ ತಿರುಚುತ್ತಾರೆ.

ಅಕ್ಕ ಇಲ್ಲಿಗೆ ಬಂದಿದ್ದು ಹಿಂದಿನ ಡ್ರೈವರ್ ಕಾಲು ಮುರಿದುಕೊಂಡ ಕಾರಣಕ್ಕೆ, ಒಂದೇ ಒಂದು ಬೇಸಿಗೆಯ ಮಟ್ಟಿಗೆ. ಅದಕ್ಕೆ ಮೊದಲು ಕಟ್ಟಡಗಳ ಮಣ್ಣು ಹೊರುವ ಟ್ರ್ಯಾಕ್ಟರ್ ಓಡಿಸುತ್ತಿದ್ದಳು. ಮೊದಲ ದಿನವೇ ಒಬ್ಬ ಶ್ರೀಮಂತ, ಹೂತ ಕಾರಿನೊಳಗೆ ಕುಳಿತೇ, "ಹೆಂಗಸು ನನ್ನ ಕಾರು ಮುಟ್ಟೋದು ಬೇಡ, ಗಂಡಸರು ಯಾರೂ ಇಲ್ವಾ?" ಎಂದನಂತೆ. ಅಕ್ಕ, "ಇದ್ದಾರೆ, ಆಸ್ಪತ್ರೇಲಿ ಕಾಲು ನೇತುಹಾಕ್ಕೊಂಡು ಮಲಗಿದ್ದಾರೆ, ಕಾಯ್ತಾ ಇರಿ," ಎಂದು ಬುತ್ತಿ ಬಿಚ್ಚಿದಳು. ಆ ಮನುಷ್ಯ ಬಿಸಿಲಲ್ಲಿ ಹಪ್ಪಳವಾಗಿ, ಕೊನೆಗೆ "ತಾಯೀ" ಎಂದ ಮೇಲೆಯೇ ಹಗ್ಗ ಬಿಗಿದಿದ್ದು. ಆ ಬೇಸಿಗೆ ಇನ್ನೂ ಮುಗಿದಿಲ್ಲ. ಅಕ್ಕನ ಕೂದಲು ಮಾತ್ರ ಬೆಳ್ಳಗಾಗಿದೆ. ತಿರುವಿನಲ್ಲಿ ಬೆರಳಗಲ ನೆರಳಿಲ್ಲ. ಒಂದು ಕಿವಿ ಇಂಜಿನ್ನುಗಳಿಗೆ ಅರ್ಪಣೆಯಾಗಿದೆ. ಮನೆಯಲ್ಲಿ ಹಾಸಿಗೆ ಕೊಡವಿದರೆ ಒಂದು ಬಚ್ಚಲು ಕಟ್ಟುವಷ್ಟು ಕಲ್ಲು ಉದುರುತ್ತದೆ.

ಊರವರಿಗೆಲ್ಲ "ಬನ್ನಿ" ಎನ್ನುವ ಈ ಅಕ್ಕ ಒಬ್ಬನಿಗೆ ಮಾತ್ರ "ಬೇಡ" ಎನ್ನುತ್ತಾ ಬಂದಿದ್ದಾಳೆ. ಅವನು ಅವಳ ಒಡಹುಟ್ಟಿದ ಅಣ್ಣ.

ಅಣ್ಣ ಕಾರುಗಳ ಸೀಟು ಹೊಲಿಯುವವನು. ತಂಗಿಗೆ ಮೊದಲು ಸ್ಟೀರಿಂಗ್ ಹಿಡಿಸಿದ್ದೂ ಅವನೇ. ಬಹಳ ಹಿಂದೆ ಒಬ್ಬರು ಎರಡೇ ಸೀಟಿನ, ಕಪ್ಪೆಯಷ್ಟು ಗಿಡ್ಡ, ಕಪ್ಪೆಯಷ್ಟೇ ಹಸಿರಾದ ಒಂದು ಹಳೇ ಸ್ಪೋರ್ಟ್ಸ್ ಕಾರನ್ನು ಹೊಲಿಗೆಗೆಂದು ಬಿಟ್ಟು ಹೋದರು. ಆಮೇಲೆ, ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸ ಮನೆ ಕಟ್ಟುವುದೇ ಸುಲಭ ಎಂದು ಅವನಿಗೇ ಕೊಟ್ಟುಬಿಟ್ಟರು. ಅಣ್ಣ ಒಂದೊಂದು ಬೋಲ್ಟನ್ನೂ ಹುಡುಕಿ ತಂದು ಅದಕ್ಕೆ ಜೀವ ಕೊಟ್ಟ. ಆ ಕಾರಿನ ಸೀಟಿನ ಹೊಲಿಗೆ ನೋಡಿದರೆ ರಾಜರು ಸಿಂಹಾಸನ ಬಿಟ್ಟು ಎದ್ದು ಬರುತ್ತಾರೆ. ಆದರೆ ಕಾರು ಮಾತ್ರ ಹೊದಿಕೆಯೊಳಗೇ ಉಳಿಯಿತು. ಮನೆಯ ಸೋಫಾದ ಸ್ಪ್ರಿಂಗ್ ಹೊರಗೆ ಬಂದು ವರ್ಷಗಳಾದರೂ ಅದಕ್ಕೊಂದು ಹೊಲಿಗೆ ಇಲ್ಲ. ಅತ್ತಿಗೆ ಆ ಕಾರನ್ನು ಕರೆಯುವುದೇ "ಸವತಿ" ಎಂದು.

ಸಂಜೆ ಊಟಕ್ಕೆ ಕುಳಿತಾಗ ಅಕ್ಕ ಆ ದಿನದ ಬಿದ್ದವರ ಕಥೆ ಹೇಳುತ್ತಾಳೆ. ಅಣ್ಣ ತುತ್ತು ನಿಲ್ಲಿಸಿ, "ಆಗ ಅವನು ಕೈ ಏನು ಮಾಡ್ದ?" ಎಂದು ಕೇಳುತ್ತಾನೆ. ಕಥೆ ಮುಗಿದ ಮೇಲೆ ಮೆಲ್ಲಗೆ, "ನಾನೂ ಒಂದಿನ ತರ್ಲಾ?" ಎನ್ನುತ್ತಾನೆ. "ಬೇಡ" ಎನ್ನುತ್ತಾಳೆ ಅಕ್ಕ, ನೀರಿನ ಲೋಟ ಕುಕ್ಕಿ. ಯಾಕೆಂದರೆ, "ಬೇರೆಯವರ ಕಾರು ಒಡೆದ್ರೆ ಕಾರು ಒಡೀತು ಅಂತೀನಿ. ಅದು ಒಡೆದ್ರೆ ನಮ್ಮಣ್ಣಾನೇ ಒಡೆದ ಹಾಗೆ. ನಾನೇ ಹಗ್ಗ ಕಟ್ಟಿ ಚೂರು ಎಳೀಬೇಕಾ?"

ಇಂದು ಬೆಳಗ್ಗೆ ಟೀ ಲೋಟ ಕೆಳಗಿಡುವಾಗ ಗೇಟಿನ ಸಾಲಿನಲ್ಲಿ ಕಪ್ಪೆ ಕಾಣುತ್ತದೆ. ಒಳಗೆ, ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡ ಅಣ್ಣ. ಪಕ್ಕದಲ್ಲಿ ಬಾಗಿಲು ಹಿಡಿದು ನಿಂತ ಅತ್ತಿಗೆ.

"ಏನೋ ಅಣ್ಣ ಇದು? ಹೇಳ್ದೆ ಕೇಳ್ದೆ?"

"ಹೇಳಿದ್ರೆ ಬೇಡ ಅಂತಿದ್ದೆ."

"ಈಗಲೂ ಬೇಡ ಅಂತೀನಿ. ಅತ್ತಿಗೆ, ನೀನಾದ್ರೂ ಹೇಳಬಾರ್ದಾ?"

"ನಾನ್ಯಾಕೆ ಹೇಳ್ಲಿ? ಸವತೀನ ಕರ್ಕೊಂಡು ಎಲ್ಲಾದ್ರೂ ಹೋಗು ಅಂತ ನಾನೇ ಓಡ್ಸಿದ್ದು," ಎನ್ನುತ್ತಾಳೆ ಅತ್ತಿಗೆ. ಆದರೆ ಅವಳ ಕೈ ಕಾರಿನ ಬಾಗಿಲನ್ನು ಬಿಟ್ಟಿಲ್ಲ.

ಅಣ್ಣ ಹೆಲ್ಮೆಟ್ಟಿನ ಗಾಜು ಮೇಲೆತ್ತುತ್ತಾನೆ. "ಎರಡು ಹೊದಿಕೆ ಸವೆದು ಹೋದ್ವು ಕಣೇ, ಟೈರು ಒಂದೂ ಸವೀಲಿಲ್ಲ. ಇದು ಓಡಕ್ಕೆ ಹುಟ್ಟಿದ್ದು, ನಾನು ಹೆಣದ ಥರ ಹೊದಿಸಿಟ್ಟಿದ್ದೀನಿ. ಕಣ್ಣಗಲಿಸ್ಬೇಡ, ಟೈರು ಹೊಸದು ಹಾಕ್ಸಿದ್ದೀನಿ. ಹಳೇ ರಬ್ಬರ್ ಕಲ್ಲಾಗತ್ತೆ ಅಂತ ನೀನೇ ಹೇಳಿದ್ದಲ್ವಾ."

ಅಕ್ಕ ಒಂದು ಬೆರಳೆತ್ತಿದರೆ ಸಾಕು, ಗೇಟಿನವರು ಯಾವ ಕಾರನ್ನಾದರೂ ಹಿಂದಕ್ಕೆ ಕಳಿಸುತ್ತಾರೆ. ಇದು ಉತ್ಪ್ರೇಕ್ಷೆಯಲ್ಲ, ಈ ಲೇಖನದಲ್ಲಿ ಉತ್ಪ್ರೇಕ್ಷೆಯಲ್ಲದ ಕೆಲವೇ ಸಂಗತಿಗಳಲ್ಲಿ ಒಂದು. ಬೆರಳು ಅರ್ಧ ಮೇಲೇಳುತ್ತದೆ. ಅಕ್ಕ ಅಣ್ಣನ ಮುಖ ನೋಡುತ್ತಾಳೆ, ಆಮೇಲೆ ಕಾರಿನ ಮೂತಿ ನೋಡುತ್ತಾಳೆ. ಅಲ್ಲಿ ಕೊಕ್ಕೆ ಬಿಗಿದಿದೆ, ಅದಕ್ಕೊಂದು ಚರ್ಮದ ಪುಟ್ಟ ಟೋಪಿ ಬೇರೆ ಹೊಲಿದು ಹಾಕಿದ್ದಾನೆ ಮಹಾರಾಯ. ಎತ್ತಿದ ಬೆರಳಿನಲ್ಲಿ ಅಕ್ಕ ಮೂಗು ಒರೆಸಿಕೊಳ್ಳುತ್ತಾಳೆ.

"ಮೊದಲ ಸುತ್ತು ಮೆತ್ತಗೆ ಹೋಗು," ಎಂದು ಹೇಳಿ ತನ್ನ ತಿರುವಿಗೆ ನಡೆಯುತ್ತಾಳೆ.

ಮೊದಲ ಸುತ್ತಿನಲ್ಲಿ ಕಪ್ಪೆ ನಿಜಕ್ಕೂ ಮೆತ್ತಗೆ ಬರುತ್ತದೆ. ಅತ್ತಿಗೆ ನಡೆದು ಬಂದಿದ್ದರೆ ಅದಕ್ಕಿಂತ ಮುಂದಿರುತ್ತಿದ್ದಳು. ಎರಡನೆಯದರಲ್ಲಿ ಸದ್ದು ಬದಲಾಗುತ್ತದೆ. ಆಮೇಲೆ ಅದು ಕಪ್ಪೆಯಲ್ಲ, ಕವಣೆಯಿಂದ ಹೊರಟ ಕಲ್ಲು. ದೊಡ್ಡ ದೊಡ್ಡ ಹೆಸರಿನ ಹೊಸ ಕಾರುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಟ್ರ್ಯಾಕ್ಟರಿನ ಮೇಲೆ ನಿಂತ ಅಕ್ಕನಿಗೆ ಎದೆ ಉಬ್ಬುತ್ತದೆ, ಅದೇ ಹೊತ್ತಿಗೆ ಕೈ ಹಗ್ಗ ಹುಡುಕುತ್ತದೆ. ಜೋರು, ಇನ್ನೂ ಜೋರು. ಕೊನೆಯ ತಿರುವಿಗೆ ಅವನು ಬರುತ್ತಿರುವ ರಭಸ ನೋಡಿದರೆ ಅದು ತಿರುವಿನಲ್ಲಿ ಹಿಡಿಸುವ ರಭಸವಲ್ಲ. ಇಂಥದ್ದನ್ನು ಅವಳು ಜೀವಮಾನವಿಡೀ ನೋಡಿದ್ದಾಳೆ. ಹೊರಗಿನ ಚಕ್ರ ಅಂಚು ದಾಟುತ್ತದೆ.

"ಕೈ! ಕೈ ಅಲ್ಲಾಡಿಸ್ಬೇಡ!" ಅಕ್ಕ ಕೂಗಿದ್ದು ಪಕ್ಕದ ದೇಶಕ್ಕೂ ಕೇಳಿರಬೇಕು. ಕೇಳದಿದ್ದುದು ಅಣ್ಣನೊಬ್ಬನಿಗೆ.

ಕಾರು ತಿರುಚಿಕೊಳ್ಳುವುದಿಲ್ಲ. ಬುಗುರಿಯಾಗುವುದಿಲ್ಲ. ದಾರ ಹಿಡಿದು ಎಳೆದ ಗೆರೆಯ ಹಾಗೆ ನೆಟ್ಟಗೆ ಜಲ್ಲಿಗೆ ಇಳಿದು, ಮೋಡದಷ್ಟು ದೂಳೆಬ್ಬಿಸಿ, ಹೂತು ನಿಲ್ಲುತ್ತದೆ. ಗೋಡೆ ಇನ್ನೂ ಒಂದು ಅಂಗಳದಷ್ಟು ದೂರ.

ಅಕ್ಕ ಟ್ರ್ಯಾಕ್ಟರನ್ನೂ ಮರೆತು ಓಡುತ್ತಾಳೆ. ದೂಳು ಇಳಿದಾಗ ಅಣ್ಣ ಎರಡೂ ಕೈಯಲ್ಲಿ ಸ್ಟೀರಿಂಗ್ ನೇರ ಹಿಡಿದುಕೊಂಡೇ ಕುಳಿತಿದ್ದಾನೆ, ಫೋಟೋ ತೆಗೆಸಿಕೊಳ್ಳುವವನಂತೆ. ಅವಳು ಕಾರಿನ ಸುತ್ತ ಒಂದು ಸಲ ಬರುತ್ತಾಳೆ, ಮುಟ್ಟಿ ಮುಟ್ಟಿ ನೋಡುತ್ತಾಳೆ. ಒಂದು ಗೀರಿಲ್ಲ.

"ಬಿಡು ಕೈ, ನಿಂತಿದೆ," ಎನ್ನುತ್ತಾಳೆ.

"ಬಿಡಕ್ಕೆ ಬರ್ತಿಲ್ಲ ಕಣೇ. ಊಟಕ್ಕೆ ಕೂತಾಗೆಲ್ಲ ನೀನು ಅಲ್ಲಾಡಿಸ್ಬೇಡ ಅಂತಿದ್ದೆಯಲ್ಲ, ಬೆರಳು ಇನ್ನೂ ಅದನ್ನೇ ಕೇಳ್ತಿವೆ."

ಅಕ್ಕ ಒಂದೊಂದೇ ಬೆರಳು ಬಿಡಿಸುತ್ತಾಳೆ. ಆಮೇಲೆ ಚರ್ಮದ ಟೋಪಿ ತೆಗೆದು ಜೇಬಿಗಿಟ್ಟು, ಹಗ್ಗ ಕಟ್ಟಿ, ಎಳೆಗೂಸನ್ನು ತೊಟ್ಟಿಲಿನಿಂದ ಎತ್ತುವಷ್ಟು ಮೆತ್ತಗೆ ಎಳೆಯುತ್ತಾಳೆ. ಬೇಲಿಯಾಚೆ ಕೆಲವರು ನಗುತ್ತಿದ್ದಾರೆ. ಅತ್ತಿಗೆ ಅವರತ್ತ ತಿರುಗಿ, "ನಿಮ್ಮದು ಆ ತಿರುವಿನವರೆಗೂ ಬರತ್ತಾ ನೋಡಿ ಮೊದಲು," ಎನ್ನುತ್ತಾಳೆ. ಜಲ್ಲಿ ಉದುರಿಸಿಕೊಂಡ ಅಣ್ಣ ಮತ್ತೆ ಸಾಲಿಗೆ ಹೋಗುತ್ತಾನೆ. ಅಕ್ಕ ತಡೆಯುವುದಿಲ್ಲ.

ಪತ್ರಿಕೆಯಲ್ಲಿ ಬರೆಯುವುದಕ್ಕೆ ಏನಾದರೂ ಹೇಳಿ ಎಂದರೆ ಅಕ್ಕ ಹಗ್ಗ ಸುತ್ತುತ್ತಾ, ಅಣ್ಣನ ಕಾರು ಜಲ್ಲಿಯಲ್ಲಿ ಎಳೆದ ಎರಡು ನೇರ ಗೆರೆಗಳ ಕಡೆ ನೋಡುತ್ತಾಳೆ. ಎಂಥ ಗುಂಡಿಯನ್ನೂ ತಕ್ಷಣ ಸರಿಮಾಡುವವಳು ಅವನ್ನು ಮಾತ್ರ ಇನ್ನೂ ಮುಚ್ಚಿಲ್ಲ.

"ನನ್ನ ಬಗ್ಗೆ ಏನ್ ಬರೀತೀರಿ, ಬಿಡಿ. ನಮ್ಮನೆ ಕಾರೂ ಜಲ್ಲಿಗೆ ಬಿತ್ತು ಅಂತ ಬರೀರಿ," ಎನ್ನುತ್ತಾಳೆ. ಸುತ್ತಿದ ಹಗ್ಗ ಹೆಗಲಿಗೇರಿಸಿ, "ಬೀಳೋ ಅಷ್ಟು ಜೋರಾಗಿ ಬಂತು ಅಂತಾನೂ ಬರೀರಿ."