ಓರಿನ್ ಕೇಳಲಾರದ ಪ್ರಶ್ನೆ

ನಮ್ಮ ಲಾರ್ಚ್ ಗುಡ್ಡಕ್ಕೆ ಸ್ಕೀ ಕಲಿಯಲು ಬರುವ ದೊಡ್ಡವರಿಗೆ ಹಿಮಕ್ಕಿಂತ ನಾಚಿಕೆಯದೇ ಹೆಚ್ಚು ಭಯ. ಬಿದ್ದರೆ ಪೆಟ್ಟಾದೀತೆಂದು ಯಾರೂ ಅಷ್ಟು ಹೆದರುವುದಿಲ್ಲ. ಬಿದ್ದದ್ದನ್ನು ಯಾರಾದರೂ ನೋಡಿಯಾರೆಂದು ಸಾಯುತ್ತಾರೆ. ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವನು ಓರಿನ್ ಹಾಗ್ಲಂಡ್. ಮೂವತ್ತೊಂದು ಚಳಿಗಾಲದಿಂದ ಮೇಷ್ಟ್ರ ಕೆಂಪು ಜಾಕೀಟು ತೊಟ್ಟು, ಜನ್ಮದಲ್ಲಿ ಸ್ಕೀ ಕಟ್ಟದವರಿಗೆ ಪಾಠ ಹೇಳುತ್ತ ಬಂದಿದ್ದಾನೆ. ವಯಸ್ಸು ಅರವತ್ತಾರು. ಬೇಸಿಗೆಯಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ, ಆದರೆ ಯಾರಾದರೂ ಅವನನ್ನು ಬಣ್ಣದವನು ಅಂದರೆ ಮೂಗಿನ ತುದಿಗೆ ಕೋಪ ಬರುತ್ತದೆ. ಅವನ ಪಾಲಿಗೆ ನಮ್ಮ ಮೊಂಟಾನಾದಲ್ಲಿ ಇರುವುದು ಒಂದೇ ಕಾಲ, ಅದು ನವೆಂಬರಿನಲ್ಲಿ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ.

ಅವನ ಪಾಠದ ಗುಟ್ಟೆಲ್ಲ ತಂತಿಯಲ್ಲಿ ತೂಗುತ್ತ ಗುಡ್ಡ ಹತ್ತಿಸುವ ಲಿಫ್ಟಿನ ಕುರ್ಚಿಯಲ್ಲಿತ್ತು. ಬೆಳಿಗ್ಗೆ ಸಾಲಾಗಿ ನಿಂತವರ ಮುಂದೆ ಕೋಲು ನೆಟ್ಟು ಹೇಳುತ್ತಿದ್ದ: "ನೋಡ್ರಪ್ಪಾ, ನಾಲ್ಕು ಜನರ ಮುಂದೆ ಕೇಳೋಕಾಗದ ಪ್ರಶ್ನೆ ಎಲ್ಲರ ಹೊಟ್ಟೇಲೂ ಒಂದಿರತ್ತೆ. ಒಂದೊಂದು ಸಲ ಮೇಲೆ ಹೋಗುವಾಗ ಒಬ್ಬೊಬ್ಬರು ನನ್ನ ಪಕ್ಕ ಕೂತ್ಕೊಳ್ಳಿ. ಏಳು ನಿಮಿಷದ ದಾರಿ. ಏನ್ ಬೇಕಾದ್ರೂ ಕೇಳಿ, ಮೇಲೆ ಇಳಿದ ಮೇಲೆ ನಾನೂ ಮರೀತೀನಿ, ನೀವೂ ಮರೀರಿ."

ಇಬ್ಬರೇ ಕೂರುವ ಹಳೆಯ ಕುರ್ಚಿ. ಮುಖ ಮುಖ ನೋಡಬೇಕಾಗಿಲ್ಲ, ಇಬ್ಬರೂ ಮುಂದಕ್ಕೆ ನೋಡುತ್ತ ತೂಗಾಡುವುದು. ಮೂರನೇ ಕಂಬ ದಾಟುವ ಹೊತ್ತಿಗೆ ಎಂಥವರ ಬಾಯಿಯೂ ಬಿಚ್ಚಿಕೊಳ್ಳುತ್ತಿತ್ತು.

"ಇಷ್ಟೊಂದು ಬಟ್ಟೇಲಿ ಒಂದಕ್ಕೆ ಹೇಗ್ರೀ ಹೋಗೋದು?"

"ಅರ್ಜೆಂಟ್ ಆಗೋಕೆ ಮುಂಚೆ ಹೊರಡಿ. ಆದ್ಮೇಲೆ ಹೊರಟ್ರೆ ಪಟ್ಟಿ ಬಿಚ್ಚೋದ್ರೊಳಗೆ ಕಥೆ ಮುಗಿದಿರತ್ತೆ."

"ಬೂಟು ಇಷ್ಟು ನೋಯ್ಬೇಕಾ? ಎಲ್ಲರೂ ನಗ್ತಾ ಓಡಾಡ್ತಿದ್ದಾರೆ."

"ಎಲ್ಲರಿಗೂ ನೋಯ್ತಿದೆ. ಸುಮ್ನೆ ಹಲ್ಲು ಕಿರೀತಿದ್ದಾರೆ ಅಷ್ಟೆ. ಕಾಲುಚೀಲ ಎರಡು ಜೊತೆ ಹಾಕಿರ್ತೀರಿ, ಒಂದು ಬಿಚ್ಚಿ."

ಒಮ್ಮೆ ಆರಡಿ ಎತ್ತರದ ವಕೀಲನೊಬ್ಬ, "ಕೆಳಗೆ ನೋಡಿದ್ರೆ ಅಳು ಬರತ್ತೆ" ಎಂದು ಪಿಸುಗುಟ್ಟಿದ. "ಅಳಿ ಸಾರ್," ಎಂದ ಓರಿನ್, "ಗಾಗಲ್ ಮತ್ತ್ಯಾಕೆ ಕೊಟ್ಟಿರೋದು?"

ಇಂಥ ಓರಿನ್ ಈ ಚಳಿಗಾಲವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದ. ಊರವರ ನಾಚಿಕೆಯನ್ನೆಲ್ಲ ಬಿಡಿಸಿದವನ ಹೊಟ್ಟೆಯಲ್ಲೇ ಒಂದು ಪ್ರಶ್ನೆ ಸಿಕ್ಕಿಕೊಂಡಿತ್ತು. ಪ್ರಶ್ನೆ ಬಲು ಚಿಕ್ಕದು: ನಿಮಗೆ ಹಿಮ ಕಾಣುತ್ತಿದೆಯಾ?

ಮೋಡ ಗುಡ್ಡದ ಮೇಲೆ ಬಂದು ಕೂತರೆ ಆಕಾಶವೂ ಹಿಮವೂ ಒಂದೇ ಬಿಳುಪು. ಉಬ್ಬು ಯಾವುದು, ತಗ್ಗು ಯಾವುದು ಎಂದು ತಿಳಿಯುವುದಿಲ್ಲ, ಯಾವುದಕ್ಕೂ ನೆರಳೇ ಬೀಳುವುದಿಲ್ಲ. ಅದಕ್ಕೆ ನಾವು ಚಪ್ಪಟೆ ಬೆಳಕು ಅನ್ನುತ್ತೇವೆ. ಅಂಥ ದಿನ ಎಲ್ಲರೂ ಕುರುಡರೇ, ಕಾಲಿನ ಅಂದಾಜಿನಲ್ಲೇ ಇಳಿಯುವುದು, ಅದರಲ್ಲಿ ನಾಚಿಕೆಯೇನೂ ಇಲ್ಲ. ಹಿಂದೆ ವಾರಕ್ಕೆ ಎರಡು ದಿನ ಬರುತ್ತಿದ್ದ ಚಪ್ಪಟೆ ಬೆಳಕು ಈಗ ಓರಿನ್‌ಗೆ ವಾರವಿಡೀ ಬರತೊಡಗಿತ್ತು. ಎಲ್ಲ ಹಾಲಿನಲ್ಲಿ ಅದ್ದಿದ ಹಾಗೆ. "ಈ ವರ್ಷ ಬೆಳಕೇ ಸರಿ ಇಲ್ಲ ಕಣ್ರೋ" ಎಂದು ಉಳಿದ ಮೇಷ್ಟ್ರುಗಳ ಮುಂದೆ ಗೊಣಗುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೇಳಿಬಿಟ್ಟರೆ, ಎದುರಿನವರು "ಕಾಣುತ್ತೆ" ಅಂದುಬಿಟ್ಟರೆ, ಕೆಂಪು ಜಾಕೀಟು ಅವತ್ತೇ ಗೂಟಕ್ಕೆ ಹೋಗುತ್ತದೆ. ಜಾಕೀಟು ಹೋದರೆ ಉಳಿಯುವುದು ಬಣ್ಣದ ಡಬ್ಬಿ.

ಗಾಗಲ್‌ಗೆ ಹಳದಿ ಗಾಜು ಹಾಕಿದ, ಗುಲಾಬಿ ಹಾಕಿದ, ತಾಮ್ರದ ಬಣ್ಣದ್ದೂ ತಂದ. ಹತ್ತು ಹೆಜ್ಜೆಗೊಮ್ಮೆ ಒರೆಸಿದ. ಮಂಡಿ ನೋವೆಂದು ನೆಪ ಹೇಳಿ ಕಾರನ್ನು ಹೆಂಡತಿ ಇನೆಜ್ ಕೈಗೆ ಕೊಟ್ಟ. ಅವಳೇನು ದಡ್ಡಿಯೇ?

"ಮೇಜಿಗೆಲ್ಲ ಕಾಫಿ ಕುಡಿಸಿದ್ದಾಯ್ತಲ್ಲ, ಲೋಟಕ್ಕೂ ಒಂಚೂರು ಕೊಡು," ಎಂದಳು ಒಂದು ಬೆಳಿಗ್ಗೆ.

"ಕೈ ನಡುಗ್ತು."

"ಕೈಯಲ್ಲ ಅದು, ಕಣ್ಣು. ತೋರ್ಸೋಣ ಬಾರೋ ಮಾರಾಯ."

"ಸೀಸನ್ ಮುಗೀಲಿ."

"ಹೋದ ವರ್ಷಾನೂ ಇದೇ ಹೇಳ್ದೆ," ಎಂದು ಇನೆಜ್ ಮೇಜು ಒರೆಸಿದಳು.

ಫೆಬ್ರವರಿಯ ಒಂದು ಮಂಗಳವಾರ ಆಗಬಾರದ್ದು ಆಯಿತು. ತರಗತಿಯನ್ನು ಬಾತುಕೋಳಿಗಳ ಹಾಗೆ ಹಿಂದೆ ಕಟ್ಟಿಕೊಂಡು ಓರಿನ್ ಇಳಿಯುತ್ತಿದ್ದ. ಅವನು ತಿರುಗಿದಲ್ಲೇ ಅವರೂ ತಿರುಗಬೇಕು, ಅದು ನಿಯಮ. ಹಿಮ ಹದಮಾಡುವ ಗಾಡಿ ಬಿಟ್ಟುಹೋದ ಮೊಣಕಾಲೆತ್ತರದ ಹಿಮದ ಏಣು ಅವನಿಗೆ ಕಾಣಲೇ ಇಲ್ಲ. ಅವನ ಕಾಲು ಹಳೆಯ ಕಾಲು, ಹೇಗೋ ತಡೆದುಕೊಂಡಿತು. ಹಿಂದೆ ಬರುತ್ತಿದ್ದ ಲೈಲ್ ಎಂಬ ಔಷಧಿ ಅಂಗಡಿಯವನು ಅವನ ಬೆನ್ನನ್ನೇ ನೋಡುತ್ತ ನೇರ ಹೋಗಿ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡ.

"ಚಪ್ಪಟೆ ಬೆಳಕು," ಎಂದ ಓರಿನ್, ಸ್ಕೀ ಶಾಲೆಯ ಮುಖ್ಯಸ್ಥೆ ಟ್ರೂಡಿಯ ಕೋಣೆಯಲ್ಲಿ. ಅವಳು ಅವನ ಕೈಕೆಳಗೇ ಕಲಿತು ಮೇಲೆ ಬಂದವಳು. ಪೆನ್ನು ಹಿಡಿದು, ಅಪಘಾತದ ವರದಿ ಬರೆಯುವ ಮುಂಚೆ ಒಮ್ಮೆ ಕಿಟಕಿಯಾಚೆ ನೋಡಿದಳು. ಆಮೇಲೆ ಅವನು ಹೇಳಿದ್ದನ್ನೇ ಬರೆದಳು.

ಆ ಒಂದು ನೋಟ ಓರಿನ್‌ನನ್ನು ನಾಲ್ಕು ದಿನ ಕೊರೆಯಿತು. ಹೊರಗೆ ಏನಿತ್ತು? ಮೋಡವೋ, ಬಿಸಿಲೋ? ಇನೆಜ್‌ಳನ್ನು ಕೇಳೋಣವೆಂದು ಬಾಯಿ ತೆರೆದ, ಮುಚ್ಚಿದ. ಊಟಕ್ಕೆ ಕೂತವನು ಎದ್ದ, ಎದ್ದವನು ಮತ್ತೆ ಕೂತ. ಬ್ಯಾಂಡೇಜು ಸುತ್ತಿದ ಲೈಲ್ ಅಂಗಡಿಯಲ್ಲಿ ಸಿಕ್ಕಿ, "ನಿಮ್ಮ ತಪ್ಪೇನೂ ಇಲ್ಲ ಬಿಡಿ, ಬೆಳಕು ಹಾಗಿತ್ತಂತಲ್ಲ" ಅಂದಾಗಲಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶನಿವಾರ ಐದು ಜನರ ತರಗತಿ. ಮೊದಲ ಸರದಿಗೆ ಪಕ್ಕದಲ್ಲಿ ಧಪ್ಪೆಂದು ಕೂತವಳು ಡಾರ್ಲಾ, ಊರ ಮಕ್ಕಳ ಶಾಲೆಯ ಬಸ್ಸು ಓಡಿಸುವವಳು, ಐವತ್ತು ದಾಟಿದ ಗಟ್ಟಿ ಹೆಂಗಸು.

"ನಾನು ಇಷ್ಟು ದಪ್ಪ ಇದ್ದೀನಲ್ಲ, ಈ ಕುರ್ಚಿ ತಡ್ಕೊಳತ್ತಾ?"

"ನಿಮ್ಮಂಥ ನಾಲ್ಕು ಜನರನ್ನ ತಡ್ಕೊಳತ್ತೆ ತಾಯಿ."

"ಬಿದ್ದರೆ ಏಳೋಕೆ ಆಗದಿದ್ರೆ?"

"ಸ್ಕೀ ಬಿಚ್ಚಿಬಿಡಿ, ಮಂಡಿ ಊರಿ ಏಳಿ. ಯಾರೂ ನೋಡಲ್ಲ, ಅವರವರು ಬೀಳೋದೇ ಅವರವರಿಗೆ ಸಾಕಾಗಿರತ್ತೆ."

ಅವಳು ಗಹಗಹಿಸಿ ನಕ್ಕಳು. ಕುರ್ಚಿ ಅಲ್ಲಾಡಿತು. "ಸರಿ, ನನ್ನದು ಮುಗೀತು. ಇನ್ನೂ ನಾಲ್ಕು ನಿಮಿಷ ಇದೆ. ನಿಮ್ಮದೇನಾದ್ರೂ ಇದ್ರೆ ಕೇಳಿ."

ಮೂವತ್ತೊಂದು ಚಳಿಗಾಲದಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಓರಿನ್ ನಕ್ಕು ತಳ್ಳಿಹಾಕಲು ನೋಡಿದ, ನಗು ಬರಲಿಲ್ಲ. ಗಾಗಲ್ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಕುರ್ಚಿ ಒಂದು ಕಂಬದ ಗಾಲಿಗಳ ಮೇಲೆ ಗಡಗಡ ಅಂದಿತು, ಇನ್ನೊಂದರ ಮೇಲೂ ಅಂದಿತು. ಕೇಳುವುದಾದರೆ ಇವಳನ್ನೇ ಕೇಳಬೇಕು. ಇವಳು ಗುಡ್ಡದವಳಲ್ಲ, ನಾಳೆ ಬರುವವಳೂ ಅಲ್ಲ.

"ಕೆಳಗೆ... ಹಿಮ ಹೇಗ್ ಕಾಣ್ತಿದೆ ನಿಮಗೆ?"

"ಹೇಗೆ ಅಂದ್ರೆ?"

"ಉಬ್ಬು ತಗ್ಗು ಏನಾದ್ರೂ ಗೊತ್ತಾಗತ್ತಾ?"

"ಓಹೋ, ಚೆನ್ನಾಗೇ ಗೊತ್ತಾಗತ್ತೆ. ಬಾಚಣಿಗೇಲಿ ಬಾಚಿದ ಹಾಗೆ ಗೆರೆ ಗೆರೆ ಇದೆ. ಅಡ್ಡಕ್ಕೆ ಒಂದು ಮೊಲ ಓಡಿರೋ ಹೆಜ್ಜೆ." ಅವಳು ಬಗ್ಗಿ ನೋಡಿದಳು. "ಅಗೋ, ನಮ್ಮ ಕುರ್ಚಿ ನೆರಳು. ಅದ್ರಲ್ಲಿ ನಾವಿಬ್ರೂ ಇದ್ದೀವಿ. ಅಯ್ಯೋ ದೇವ್ರೇ, ನಿಜವಾಗ್ಲೂ ದಪ್ಪ ಇದ್ದೀನಿ!"

ನೆರಳು. ಓರಿನ್ ತೊಡೆಯ ಮೇಲಿನ ಕಂಬಿ ಹಿಡಿದು ಬಗ್ಗಿದ. ಬರೀ ಬಿಳುಪು, ಬೇರೆ ಏನೂ ಇಲ್ಲ.

ಡಾರ್ಲಾ ನಗು ನಿಲ್ಲಿಸಿ ಅವನತ್ತ ತಿರುಗಿದಳು. ಕುರ್ಚಿಯ ಮೇಲೆ ಯಾರೂ ಹಾಗೆ ತಿರುಗಿ ನೋಡುವುದಿಲ್ಲ.

"ಎಷ್ಟು ದಿನದಿಂದ?"

"ಹೋದ ವರ್ಷದಿಂದ."

"ರೀ, ನಿಮ್ಮ ಹಿಂದೆ ಐದು ಜನ ಬರ್ತಿದ್ದೀವಲ್ರೀ! ನನ್ನ ಬಸ್ಸಲ್ಲಿ ನಲವತ್ತು ಮಕ್ಕಳು ಕೂರ್ತಾರೆ. ಕಣ್ಣು ಕಾಣದೆ ನಾನು ಚಕ್ರ ಹಿಡಿದಿದ್ರೆ ನೀವೇ ಜುಟ್ಟು ಹಿಡಿದು ಕೆಳಗೆ ಇಳಿಸ್ತಿದ್ರಿ."

"ಇಳಿಸ್ತಿದ್ದೆ."

"ಮತ್ತೆ?"

ಓರಿನ್ ಗಾಗಲ್ ಹಾಕಿಕೊಂಡ. ಕೋಪ ಬಂತು, ಅವಳ ಮೇಲೆ. ಆಮೇಲೆ ಆ ಕೋಪಕ್ಕೆ ನಿಲ್ಲಲು ಜಾಗವೇ ಸಿಗಲಿಲ್ಲ. ಕಂಬಿ ಎತ್ತಿದ, ಇಬ್ಬರೂ ಇಳಿದರು. ಡಾರ್ಲಾ ಎರಡು ಮಾರು ಜಾರಿ ಕೂತೇ ಬಿಟ್ಟಳು, ಹೇಳಿಕೊಟ್ಟ ಹಾಗೆಯೇ ಸ್ಕೀ ಬಿಚ್ಚಿ, ಮಂಡಿಯೂರಿ ಎದ್ದಳು.

ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಬಂದು ಅವನ ಬೆನ್ನ ಹಿಂದೆ ಸಾಲು ಕಟ್ಟಿದರು. ಸ್ಕೀಯ ಮುಂದಿನ ತುದಿಗಳನ್ನು ಕೂಡಿಸಿ ಪಿಜ್ಜಾ ತುಂಡಿನ ಆಕಾರ ಮಾಡಿ ಕಾಯುತ್ತಿದ್ದರು, ಮೇಷ್ಟ್ರು ಎಲ್ಲಿ ತಿರುಗುತ್ತಾರೋ ಅಲ್ಲಿ ತಿರುಗಲು. ಈ ಇಳಿಜಾರು ಓರಿನ್‌ನ ಕಾಲಿಗೆ ಬಾಯಿಪಾಠ. ಹೊರಟುಬಿಡಬಹುದಿತ್ತು. ಡಾರ್ಲಾ ಸಾಲಿಗೆ ಸೇರದೆ ಪಕ್ಕದಲ್ಲಿ ನಿಂತಿದ್ದಳು.

ಓರಿನ್ ಎದೆಯ ಮೇಲಿನ ವೈರ್‌ಲೆಸ್ ಗುಂಡಿ ಒತ್ತಿದ. ಅದರಲ್ಲಿ ಆಡಿದ ಮಾತು ಗುಡ್ಡದ ಮೇಲಿನ ಅಷ್ಟೂ ಕೆಂಪು ಜಾಕೀಟಿನವರಿಗೆ ಕೇಳುತ್ತದೆ.

"ಟ್ರೂಡಿ, ನನ್ನ ಐದು ಜನರನ್ನ ಕೆಳಗಿಳಿಸೋಕೆ ಯಾರನ್ನಾದ್ರೂ ಮೇಲೆ ಕಳ್ಸು. ನನಗೆ ಹಿಮ ಕಾಣ್ತಿಲ್ಲ."

ವೈರ್‌ಲೆಸ್ ಗರಗರ ಅಂದಿತು. ಆಮೇಲೆ ಟ್ರೂಡಿಯ ದನಿ ಮೆತ್ತಗೆ ಬಂತು. ಪಾಪ, ಅವನು ತಪ್ಪಿಸಿಕೊಳ್ಳಲೆಂದು ಒಂದು ಬಾಗಿಲು ತೆರೆದು ಹಿಡಿದಿದ್ದಳು.

"ಚಪ್ಪಟೆ ಬೆಳಕಾ, ಓರಿನ್?"

ಅವನು ತಲೆಯೆತ್ತಿ ಬಿಳುಪಿನ ಕಡೆ ನೋಡಿದ.

"ಅಲ್ಲಮ್ಮಾ," ಎಂದ. "ಬಿಸಿಲಿದೆಯಂತೆ. ಲೈಲ್ ಬಿದ್ದ ಮಂಗಳವಾರಾನೂ ಇದ್ದಿರಬೇಕು."