ಮಾವನವರು ಮಾಡಿಸಿದ ಬ್ಯಾಟು

೧೯೪೬ನೇ ಇಸವಿ. ನನ್ನ ಮದುವೆಯಾದ ಮೇಲಿನ ಮೊದಲ ಬೇಸಿಗೆ. ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ರವಿವಾರ ನಾವೊಂದಿಷ್ಟು ಗೆಳೆಯರು ಕ್ರಿಕೆಟ್ ಆಡುತ್ತಿದ್ದೆವು. ಆಟವೇನು ದೊಡ್ಡದಲ್ಲ. ಚಿಂದಿ ಸುತ್ತಿ ಹೊಲಿದ ಮೆತ್ತನೆಯ ಚೆಂಡು, ಅದನ್ನೂ ಕೈ ಕೆಳಗಿನಿಂದ ಮೆಲ್ಲಗೆ ಎಸೆಯಬೇಕು. ಹಲ್ಲು ಮುರಿದುಕೊಂಡು ಹೋದರೆ ಹೆಂಡಂದಿರಿಗೆ ಉತ್ತರ ಹೇಳುವವರು ಯಾರು?

ನನ್ನ ಹೆಂಡತಿಯ ತವರು ಜೈನಾಪುರ. ಆ ಊರವರೊಡನೆ ಒಂದು ಆಟ ಆಡುವುದೆಂದು ನಿಕ್ಕಿಯಾಯಿತು. ಸುದ್ದಿ ಕೇಳಿದ್ದೇ ತಡ, ಮಾವನವರು ಊರ ಬಡಿಗೇರನಿಗೆ ಹೇಳಿ ನನಗೊಂದು ಜಾಲಿ ಕಟ್ಟಿಗೆಯ ಬ್ಯಾಟು ಮಾಡಿಸಿಬಿಟ್ಟರು. ಆ ಆಟವನ್ನು ಅವರು ಕಣ್ಣಾರೆ ಕಂಡವರೇ ಅಲ್ಲ.

ರಾಶಿ ಮುಗಿದ ಕಣವೇ ನಮ್ಮ ಮೈದಾನ. ಕಣವೆಂದ ಮೇಲೆ ಎಲ್ಲರ ಚಪ್ಪಲಿಯೂ ಹೊರಗೆ. ಬೇವಿನ ಮರದ ಕೆಳಗೆ ನನ್ನ ಹೆಂಡತಿ, ಅತ್ತೆ, ಓಣಿಯ ಹೆಂಗಸರೆಲ್ಲ ಕೂತಿದ್ದರು. ಬ್ಯಾಟು ನೋಡಿದ ಗೆಳೆಯ ದಸ್ತಗೀರ ನನ್ನ ಕಿವಿಯಲ್ಲಿ, "ಇದನ್ನ ಎತ್ತಾಕ ಜೋಡೆತ್ತು ಬೇಕಲೇ. ಸುಮ್ನ ನಮ್ಮ ಪ್ಯಾಟಿ ಬ್ಯಾಟ್ ತಗೋ" ಎಂದ.

ಅಷ್ಟರಲ್ಲಿ ಮಾವನವರೇ ಬಂದರು. "ಚೆಂಡು ಮೆತ್ತಗೈತಿ, ಬರೂದೂ ಮೆಲ್ಲಕ. ಬ್ಯಾಟ್ ತೂಕ ಇದ್ರನ ದೂರ ಹೋಗತೈತಿ, ಅಳಿಯಾರ. ಹೊಟ್ಟಿ ತುಂಬ ಕುಸುಬಿ ಎಣ್ಣಿ ಕುಡಿಸೀನಿ, ಸೀಳೂದಿಲ್ಲ ನೋಡ್ರಿ."

ಅತ್ತ ದರಿ, ಇತ್ತ ಪುಲಿ. ಪೇಟೆ ಬ್ಯಾಟು ಹಿಡಿದರೆ ಊರೆದುರು ಮಾವನವರ ಮರ್ಯಾದೆ ಹೋಗುತ್ತದೆ. ಇದನ್ನು ಹಿಡಿದರೆ ನನ್ನದು. ನನ್ನದೇ ಹೋಗಲಿ ಎಂದು ಜಾಲಿ ಬ್ಯಾಟನ್ನೇ ಎತ್ತಿಕೊಂಡೆ. ತಮ್ಮ ಬ್ಯಾಟಿನ ಪ್ರತಾಪ ನೋಡಲು ಮಾವನವರು ನನ್ನ ಹತ್ತಿರದಲ್ಲೇ ಕಂಬಳಿ ಹಾಸಿ ಕೂತರು.

ಬಿಸಿಲಿಗೆ ಕಟ್ಟಿಗೆ ಕುಡಿದ ಎಣ್ಣೆಯೆಲ್ಲ ಮೇಲೆದ್ದಿತ್ತು. ಹಿಡಿಕೆ ಕೈಯಲ್ಲಿ ಜಾರುತ್ತಿತ್ತು. ಬೆವರಿರಬೇಕು ಎಂದುಕೊಂಡೆ. ಚೆಂಡು ಬಂತು, ಮೈಯೆಲ್ಲ ಬಲ ಹಾಕಿ ಬೀಸಿದೆ. ಚೆಂಡು ಅಲ್ಲೇ ಬಿತ್ತು. ಬ್ಯಾಟು ಹಾರಿತು, ನೆಟ್ಟಗೆ ಮಾವನವರ ಕಡೆಗೆ!

ಅತ್ತೆ ಚೀರಿದ್ದು ಕೇಳಿಸಿತು. ಮಾವನವರ ರುಮಾಲು ಹಾರಿ ಕಣದ ತುಂಬ ಬಿಚ್ಚಿಕೊಂಡು ಬಿತ್ತು. ಹಿರಿಯರ ತಲೆಯ ರುಮಾಲು ಅದು. ನಮ್ಮ ಕಡೆ ಅದಕ್ಕೆ ಕೈ ಹಚ್ಚಿದ್ದಕ್ಕೇ ಮನೆತನಗಳು ಮಾತು ಬಿಟ್ಟಿವೆ.

ಮಾವನವರು ಎರಡೂ ಕೈಯಿಂದ ತಲೆ ಸವರಿಕೊಂಡರು, ಅಂಗೈ ನೋಡಿಕೊಂಡರು. ರಕ್ತವಿರಲಿಲ್ಲ. ದೇವರ ದಯೆ, ತಲೆಗೆ ಬಂದದ್ದು ರುಮಾಲಿಗೆ ಹೋಗಿತ್ತು. ಆಮೇಲೆ ಬ್ಯಾಟು ತರಿಸಿಕೊಂಡು ಹಿಡಿಕೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

"ನಿಮ್ಮದೇನೂ ತಪ್ಪಿಲ್ರಿ ಅಳಿಯಾರ. ಬಿತ್ತೂ ಕೂರಿಗಿಗಿ ಕುಡಿಸಿದಂಗ ಇದಕ್ಕೂ ತುದಿತನಕ ಎಣ್ಣಿ ಕುಡಿಸೀನಿ. ಕೈಯಾಗ ಹಿಡಿಯೂದು ಅನ್ನೂದ ಮರತನಿ."

ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಕಂಡರೋ ಏನೋ, ಬಿದ್ದ ರುಮಾಲನ್ನು ಕೊಡವಿ ಅದರ ಒಂದು ತುದಿಯನ್ನು ನನ್ನತ್ತ ಚಾಚಿದರು. "ಇದನ್ನ ಗಟ್ಟಿ ಹಿಡೀರಿ, ಸುತ್ತಿಕೋತೀನಿ. ಮತ್ತ ಬಿಡಬ್ಯಾಡ್ರಿ!"

ಕಣವೆಲ್ಲ ಗೊಳ್ಳೆಂದು ನಕ್ಕಿತು. ಆ ಮನೆಯಲ್ಲಿ ರುಮಾಲು ಸುತ್ತುವಾಗ ತುದಿ ಹಿಡಿಯುವುದು ಮಗನ ಕೆಲಸ. ಅವರಿಗೆ ಗಂಡುಮಕ್ಕಳಿರಲಿಲ್ಲ. ಬೇವಿನ ಮರದ ಕೆಳಗೆ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡಿತು. ನಾನು ಎಣ್ಣೆಗೈಯಲ್ಲೇ ಆ ತುದಿಯನ್ನು ಗಟ್ಟಿಯಾಗಿ ಹಿಡಿದೆ.

ಆಟ ಸೋತೆವು. ಈಗ ಮೊಮ್ಮಕ್ಕಳೊಡನೆ ಬ್ಯಾಟು ಕೊಳ್ಳಲು ಅಂಗಡಿಗೆ ಹೋದಾಗ ಅವರು ಅದರ ಮೈ ನೋಡುತ್ತಾರೆ, ನಾನು ಮೊದಲು ಹಿಡಿಕೆ ಹಿಂಡಿ ನೋಡುತ್ತೇನೆ. ನನ್ನ ಎಣ್ಣೆಗೈಯ ಕಲೆ ಆ ರುಮಾಲಿನ ತುದಿಯಲ್ಲಿ ಹಾಗೇ ಉಳಿಯಿತು. ಮಾವನವರು ಇರುವ ತನಕ, ನಾನು ಜೈನಾಪುರಕ್ಕೆ ಹೋದಾಗಲೆಲ್ಲ, ಬೆಳಿಗ್ಗೆ ಆ ತುದಿಯನ್ನು ನನ್ನ ಕೈಗೇ ಕೊಡುತ್ತಿದ್ದರು.